ಕೆರೆ ಗೋಡು ತೆಗೆಯಲು ಸಿಎಸ್‌ಆರ್ ಹಣ: ಹೊಸ ಟ್ರಸ್ಟ್ ಮಾಡಬೇಕಾ?

ಅಚ್ಚುಕಟ್ಟುದಾರ
ಕೋಲಾರ ಕಡೆಯ ಹಳ್ಳಿ. ಕೆರೆ ಅಂಗಳ 10 ಎಕರೆ, ಸರಾಸರಿ 3 ಅಡಿ ಗೋಡು (ಹೂಳು) ತುಂಬಿದೆ. ಹತ್ತಿರದ ಕೈಗಾರಿಕಾ ಪ್ರದೇಶದ ಒಂದು ಕಂಪನಿ ಸಿಎಸ್‌ಆರ್‌ನಲ್ಲಿ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ) ಗೋಡು ತೆಗೆಸಿಕೊಡಲು ತಯಾರಿದೆ, ಪ್ರಪೋಸಲ್ ಕೇಳಿದೆ. ಈಗಲೇ ಒಂದು ಟ್ರಸ್ಟ್ ನೋಂದಾಯಿಸೋಣ ಅಂತ ಊರಲ್ಲಿ ಕೆಲವರ ಹಟ. ಬೇಕಾ? ಪ್ರಪೋಸಲ್‌ನಲ್ಲಿ ಏನೇನು ಬರೆಯಬೇಕು?

ಲೆಕ್ಕಪತ್ರ
ಬೇಡ, ದಂಡದ ಖರ್ಚು. ಸ್ವತಂತ್ರ ಟ್ರಸ್ಟ್ ಸಿಎಸ್‌ಆರ್ ಹಣ ಪಡೆಯಬೇಕಾದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಜೊತೆಗೆ ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ತೋರಿಸಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಿ ನೋಂದಣಿ ಸಂಖ್ಯೆಯನ್ನೂ ಪಡೆದಿರಬೇಕು. ನಿನ್ನೆ ಹುಟ್ಟಿದ ಟ್ರಸ್ಟ್‌ಗೆ ಇದು ಆಗದ ಮಾತು.

ಇರುವ ದಾರಿ ಎರಡು. ಈ ಸಂಖ್ಯೆ ಇರುವ, ಕೆರೆ ಕೆಲಸ ಮಾಡಿದ ಸಂಸ್ಥೆಯನ್ನು ಹಿಡಿಯುವುದು. ಇಲ್ಲವೇ ಕಂಪನಿಯೇ ನೇರವಾಗಿ ಕೆಲಸ ಮಾಡಿಸಿ ಯಂತ್ರದವರಿಗೆ ಬಿಲ್ ಪಾವತಿಸುವುದು. ಕಾನೂನಿನಲ್ಲಿ ಅದಕ್ಕೂ ಅವಕಾಶವಿದೆ. ಒಂದೇ ಕೆರೆಗೆ ನನ್ನ ಓಟು ಎರಡನೆಯದಕ್ಕೆ.

ದಿನಾಂಕದ ಕಡೆ ಗಮನವಿರಲಿ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಕೆರೆ ಒಣಗುವುದೇ ಆ ಹೊತ್ತಿಗೆ. ಕೆಲಸ ಏಪ್ರಿಲ್-ಮೇಗೆ ಚಾಚುತ್ತದೆ. ಆದ್ದರಿಂದ ಆಡಳಿತ ಮಂಡಳಿಯ ನಿರ್ಣಯದಲ್ಲೇ ಇದನ್ನು ‘ಮುಂದುವರಿಯುವ ಯೋಜನೆ’ ಎಂದು ನಮೂದಿಸಲು ಕೇಳಿ. ಆಗ ಉಳಿದ ಹಣ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹೋಗಿ ನಿಮ್ಮ ಕೆಲಸಕ್ಕೇ ಉಳಿಯುತ್ತದೆ. ಇಲ್ಲದಿದ್ದರೆ ‘ಮಾರ್ಚ್‌ನೊಳಗೆ ಬಿಲ್ ಕೊಡಿ’ ಅಂತ ಒತ್ತಡ ಬರುತ್ತದೆ, ಅರ್ಧ ತೋಡಿದ ಕೆರೆಗೆ ಪೂರ್ತಿ ಬಿಲ್ ಹುಟ್ಟುವುದು ಅಲ್ಲೇ.

ತೂಬಿನಕಲ್ಲು
ಮೊದಲು ಕೆರೆ ಯಾರದು ನೋಡಿ. ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು) 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯಿತಿ. ಅವರ ಅನುಮತಿ ಪತ್ರ, ಗ್ರಾಮ ಪಂಚಾಯಿತಿ ನಿರ್ಣಯ, ಸರ್ವೆಯರ್ ಅಳತೆಯ ನಕ್ಷೆ, ಇವಿಲ್ಲದೆ ಪ್ರಪೋಸಲ್ ಕಳಿಸಬೇಡಿ. ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಆಗಿರದಿದ್ದರೆ ಹಿಟಾಚಿ (ಮಣ್ಣು ತೋಡುವ ಯಂತ್ರ) ಇಳಿದ ದಿನವೇ ಒತ್ತುವರಿ ಜಗಳ ಶುರು.

ಲೆಕ್ಕ ಹೀಗೆ: 1 ಎಕರೆಯಲ್ಲಿ 1 ಅಡಿ ಅಂದರೆ 1,233 ಘನ ಮೀಟರ್. ನಿಮ್ಮದು ಹತ್ತಿರಹತ್ತಿರ 37,000. 20 ಟನ್‌ನ ಹಿಟಾಚಿ ಗಂಟೆಗೆ 75 ಘನ ಮೀಟರ್ ತುಂಬುತ್ತದೆ ಅಂತ ಹಿಡಿದರೆ 500 ಗಂಟೆ. ಎರಡು ಯಂತ್ರ, ದಿನಕ್ಕೆ 9 ಗಂಟೆ ಓಡಿದರೆ 28 ದಿನ.

ಎಡವುವುದು ಟ್ರ್ಯಾಕ್ಟರ್ ವಿಷಯದಲ್ಲಿ. ತೋಡಿದ ಮಣ್ಣು ಕಾಲುಭಾಗ ಉಬ್ಬುತ್ತದೆ. 3 ಘನ ಮೀಟರ್ ಹಿಡಿಯುವ ಟ್ರೈಲರ್ ಆದರೆ ಒಂದು ಹಿಟಾಚಿಗೆ ಗಂಟೆಗೆ 31 ಲೋಡು. ಹೋಗಿ ಬರಲು ಅರ್ಧ ಗಂಟೆ ಆದರೆ 15-16 ಟ್ರ್ಯಾಕ್ಟರ್ ಬೇಕು. ಆರೇ ಬಂದರೆ ಯಂತ್ರ ಸುಮ್ಮನೆ ನಿಂತು ಬಾಡಿಗೆ ತಿನ್ನುತ್ತದೆ.

ಬಿಲ್ಲನ್ನು ಟ್ರೈಲರ್ ಎಣಿಸಿ ಮಾಡಬೇಡಿ, ಉಬ್ಬಿದ ಮಣ್ಣಿಗೂ ದುಡ್ಡು ಹೋಗುತ್ತದೆ. ಕೆರೆ ನೀರು ಬಿಡುವ ತೂಬಿನ ಕಲ್ಲಿಗೆ ಕೆಂಪು ಬಣ್ಣದ ಗುರುತು ಹಾಕಿ, ಅದನ್ನೇ ಆಧಾರವಾಗಿಟ್ಟುಕೊಂಡು 20 ಮೀಟರ್‌ಗೊಂದು ಲೆವೆಲ್ (ನೆಲದ ಮಟ್ಟ) ತೆಗೆಸಿ, ಕೆಲಸಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ; ಎರಡರ ವ್ಯತ್ಯಾಸಕ್ಕೇ ಬಿಲ್. ಜೊತೆಗೆ ಬೆಳಿಗ್ಗೆ-ಸಂಜೆ ಯಂತ್ರದ ಗಂಟೆ ಮೀಟರಿನ ಫೋಟೊ.

ಏರಿಯ ಬುಡ ಮುಟ್ಟಬೇಡಿ, 10 ಮೀಟರಾದರೂ ಬಿಡಿ. ಗೋಡಿನ ಕೆಳಗಿನ ಜೇಡಿ ಪದರ ಒಡೆದು ಮೊರಂಗೆ (ಗರಸು ಮಣ್ಣಿಗೆ) ಇಳಿದರೆ ನೀರು ನಿಲ್ಲುವುದಿಲ್ಲ. ತೂಬಿನ ಮಟ್ಟಕ್ಕಿಂತ ಆಳ ತೋಡಿದ ನೀರು ದನಕ್ಕೆ, ಬೋರ್‌ವೆಲ್‌ಗೆ ಆಗುತ್ತದೆ, ಗದ್ದೆಗೆ ಹರಿಯುವುದಿಲ್ಲ. ಇದನ್ನು ಕಂಪನಿಗೂ ಮೊದಲೇ ಹೇಳಿ.

ಅಚ್ಚುಕಟ್ಟುದಾರ
ಮಣ್ಣು ಸಾಗಿಸುವ ಖರ್ಚು ಯಾರದು? ಇಟ್ಟಿಗೆ ಗೂಡಿನವರು ‘ನಮಗೆ ಕೊಡಿ, ಡೀಸೆಲ್ ನಾವು ಹಾಕ್ತೀವಿ’ ಅಂತಿದ್ದಾರೆ.

ಕೆಂಪುಮಣ್ಣು
ತೋಡುವುದು ಕಂಪನಿ, ಸಾಗಿಸುವುದು ರೈತ. ಹೀಗೆ ಹಂಚಿಕೊಂಡರೆ ಕಂಪನಿ ಬೇಗ ಒಪ್ಪುತ್ತದೆ, ವೆಚ್ಚವೂ ಇಳಿಯುತ್ತದೆ. ಗೂಡಿಗೆ ಕೊಡಬೇಡಿ. ಸಿಎಸ್‌ಆರ್ ಹಣದಲ್ಲಿ ಎತ್ತಿದ ಮಣ್ಣು ಮಾರಾಟವಾಯಿತು ಅಂತ ಒಂದು ದೂರು ಹೋದರೆ ಎರಡನೇ ಕಂತು ಅಲ್ಲಿಗೇ ನಿಲ್ಲುತ್ತದೆ. ‘ಮಾರುವಂತಿಲ್ಲ’ ಎಂಬ ಸಾಲು ನಿರ್ಣಯದಲ್ಲೇ ಇರಲಿ.

1 ಎಕರೆಗೆ 1 ಇಂಚು ಹರಡಲು 34-35 ಟ್ರೈಲರ್. ನಿಮ್ಮ ಕೆರೆಯಿಂದ 15,000 ಲೋಡು ಹೊರಡುತ್ತದೆ. 2 ಇಂಚಿನಂತೆ ಹಾಕಿದರೂ 220 ಎಕರೆ ಬೇಕು. ಯಾರು, ಯಾವ ಸರ್ವೆ ನಂಬರ್, ಎಷ್ಟು ಲೋಡು ಅಂತ ಸಹಿ ಹಾಕಿಸಿದ ಪಟ್ಟಿಯನ್ನು ಪ್ರಪೋಸಲ್‌ಗೆ ಲಗತ್ತಿಸಿ, ಅದಕ್ಕಿಂತ ಬಲವಾದ ಕಾಗದ ಬೇರೆ ಇಲ್ಲ. ಕೆಂಪು, ಮರಳು ಮಿಶ್ರಿತ ಹೊಲಕ್ಕೆ ಗೋಡು ಚಿನ್ನ; ನೀರು ಬಸಿಯದ ಎರೆ ಹೊಲಕ್ಕೆ ಬೇಡ. ಕೆರೆಗೆ ಊರಿನ ಚರಂಡಿ ಅಥವಾ ಕಾರ್ಖಾನೆ ನೀರು ಸೇರುತ್ತಿದ್ದರೆ ಮೊದಲು ನಾಲ್ಕೈದು ಕಡೆಯ ಮಣ್ಣು ತೆಗೆದು ಲವಣ ಮತ್ತು ಭಾರ ಲೋಹದ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಒಂದು ಲೋಡೂ ಹೊಲಕ್ಕೆ ಹೋಗಬಾರದು.