ಪರದೇಶಕ್ಕ ದತ್ತು ಹೋದ ಕೂಸಿಗೆ ಕನ್ನಡ ಉಳಿತದೇನು?

ತೊಗರಿಕಣಜ, ಕಲಬುರಗಿ:
ದತ್ತು ಕೇಂದ್ರದಿಂದ ನಾಲ್ಕು-ಐದು ವರ್ಷದ ಮಕ್ಕಳು ಇಟಲಿ, ಸ್ಪೇನ್, ಅಮೆರಿಕ ಕಡೆ ಹೋಗ್ತಾವಲ್ಲ, ಅವುಗಳ ಮಾತು ಎಷ್ಟು ದಿನ ಉಳಿತದ? ‘ತಾಯಿ ಭಾಷಾ ರಕ್ತದಾಗ ಇರ್ತದ’ ಅಂತಾರ ಕೆಲವರು. ವರ್ಷ ತುಂಬೂದ್ರಾಗ ಸಾಫ್ ಅಂತಾರ ಇನ್ನ ಕೆಲವರು. ಖರೇ ಯಾವುದು? ಕಳಿಸೂಕಿಂತ ಮೊದಲ ಕೇಂದ್ರದವರು ಮಾಡೂವಂಥದ್ದು ಏನರ ಅದೇನು?

ಕೋಟೆ ಓಣಿ, ಬೀದರ್:
ರಕ್ತದಾಗ ಏನೂ ಇರಂಗಿಲ್ರಿ, ಕಿವಿಗೆ ಬೀಳಬೇಕು. ಪುಣೆ, ಮುಂಬೈಗೆ ಗುಳೆ ಹೋದವರ ಮಕ್ಕಳು ಓಣಿಯಾಗ ಮರಾಠಿ ಆಡಿದ್ರೂ ರಾತ್ರಿ ಅವ್ವ ಕನ್ನಡದಾಗೇ ಬೈತಾಳ, ಅದಕ್ಕ ಉಳಿತದ. ದತ್ತು ಕೂಸಿಗೆ ಮರುದಿನದಿಂದಲೇ ಆ ಸಪ್ಪಳ ಬಂದ್. ಮೊದಲು ಆಡೂದು ನಿಲ್ತದ, ತಿಳಿಯೂದು ಇನ್ನೊಂದಿಷ್ಟು ದಿನ ಇರ್ತದ, ಆಮ್ಯಾಲ ಅದೂ ಹೋಗ್ತದ. ವರ್ಷಗಟ್ಟಲೆ ಅಲ್ಲ, ತಿಂಗಳ ಲೆಕ್ಕ.

3ರಿಂದ 8 ವರ್ಷದೊಳಗ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನ ದೊಡ್ಡವರಾದ ಮ್ಯಾಲ ಪರೀಕ್ಷಾ ಮಾಡಿದ್ರು, 2003ರಾಗ ಪ್ರಕಟ ಆಯ್ತು. ನಾಕಾರು ಭಾಷಾದ ವಾಕ್ಯ ಕೇಳಿಸಿದ್ರ ಅದ್ರಾಗ ಕೊರಿಯನ್ ಯಾವುದಂತ ಗುರ್ತು ಹತ್ತಲಿಲ್ಲ. ಕೊರಿಯನ್ ಕೇಳಿಸಿದಾಗ ಮಿದುಳಿನ ಸ್ಕ್ಯಾನ್‌ನಾಗೂ ಅವರಿಗೂ ಹುಟ್ಟು ಫ್ರೆಂಚರಿಗೂ ಫರಕ ಕಾಣಲಿಲ್ಲ. ಸುಮಾರು 12 ದಾಟಿದ ಮ್ಯಾಲ ಹೋದವರದು ಬ್ಯಾರೆ, ಅವರಿಗೆ ಬಹಳಷ್ಟು ಉಳಿತದ.

ಭೀಮಾತೀರ, ಯಾದಗಿರಿ:
ಮೇಲಿನವರು ಅರ್ಧ ಹೇಳಿದ್ದಾರೆ. ಮಾತು ಹೋಗುತ್ತದೆ, ನಿಜ. ಧ್ವನಿಯ ಗುರುತು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಇಂಗ್ಲಿಷ್ ಕಿವಿಗೆ ನಮ್ಮ ‘ಕಡಿ’, ‘ಕದಿ’ ಎರಡೂ ಒಂದೇ. ಭಾರತದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳ ಮೇಲೆ ಹಿಂದಿಯ ಇಂಥದೇ ಜೋಡಿಯ ಪರೀಕ್ಷೆ ನಡೆದು 2011ರಲ್ಲಿ ಪ್ರಕಟವಾಯಿತು. ಮೊದಲ ಸುತ್ತಿನಲ್ಲಿ ಅವರೂ ಅಮೆರಿಕದ ಮಕ್ಕಳಂತೆಯೇ ತಪ್ಪಿದರು. ಸ್ವಲ್ಪ ಅಭ್ಯಾಸ ಮಾಡಿಸಿದ್ದೇ ದತ್ತು ಮಕ್ಕಳಿಗೆ ಭೇದ ಹತ್ತಿತು, ಉಳಿದವರಿಗೆ ಹತ್ತಲಿಲ್ಲ. 2014ರಲ್ಲಿ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಮಾತ್ರ ಬಲ್ಲ, ಚೀನಾದಲ್ಲಿ ಹುಟ್ಟಿದ ಹುಡುಗಿಯರಿಗೆ ಚೀನೀ ಸ್ವರದ ಏರಿಳಿತ ಕೇಳಿಸಿದಾಗ, ಅವರ ಮಿದುಳು ಚೀನೀ ಬಲ್ಲವರ ಮಿದುಳಿನಂತೆಯೇ ಎಚ್ಚೆತ್ತಿತ್ತು. 2003ರ ಕೊರಿಯನ್ ಪರೀಕ್ಷೆಯವರು ಕೇಳಿದ ಪ್ರಶ್ನೆ ‘ಭಾಷೆ ನೆನಪಿದೆಯೇ’ ಎಂದು. ಮರಳಿ ಕಲಿಸಿದರೆ ಬೇಗ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಮಾತಿನ ಮನಿ, ಕಲಬುರಗಿ:
ಕೆಲಸದ ಮಾತು ಹೇಳ್ತೀನಿ. ಮೊದಲು ಕೂಸಿನ ಭಾಷಾ ಯಾವುದು ನೋಡ್ರಿ. ಫೈಲ್‌ನಾಗ ‘ಕನ್ನಡ’ ಅಂತ ಒಂದ ಶಬ್ದ ಬರೆದು ಬಿಟ್ಟಿರ್ತಾರ. ತಾಂಡಾದಿಂದ ಬಂದದ್ದಾದ್ರ ಲಂಬಾಣಿ ಇರ್ತದ, ನೋಡ್ಕೊಳ್ಳೋ ಆಯಾ ದಖನಿ ಉರ್ದು ಆಡೋಳಾದ್ರ ಕೂಸು ನೀರಿಗೆ ‘ಪಾನಿ’ ಅಂತದ.

ಹೊಸ ತಂದೆ-ತಾಯಿ ಮೊಬೈಲ್‌ನಾಗ ತರ್ಜುಮೆ ಮಾಡಿ ‘ನಿನಗೆ ಭಯವಾಗುತ್ತಿದೆಯೇ’ ಅಂತ ಕೇಳಸ್ತಾರ, ಕೂಸು ಮಿಕಿಮಿಕಿ ನೋಡ್ತದ. ಅದಕ್ಕ ಗೊತ್ತಿರೋದು ‘ಅಂಜಿಕಿ’. ‘ಹೊಟ್ಟೆ ನೋವು’ ಅಲ್ಲ, ‘ಹೊಟ್ಟಿ ಬ್ಯಾನಿ’. ‘ಕುಳಿತುಕೋ’ ಅಲ್ಲ, ‘ಕುಂದ್ರು’. ಇಂಥ 30–40 ಮಾತು ಅವರ ಲಿಪಿಯಾಗ ಬರೆದು, ಆಯಾನ ಬಾಯಾಗ ಎರಡೆರಡು ಸಲ ಹೇಳಿಸಿ ರೆಕಾರ್ಡ್ ಮಾಡ್ರಿ. ‘ಉಚ್ಚಿ ಬಂದಾದ’ ಮೊದಲಿರಲಿ, ವಿಮಾನದಾಗ ಅದೇ ಬೇಕಾಗ್ತದ.

ಜೋಗುಳ, ರೊಟ್ಟಿ ಬಡಿವಾಗಿನ ಮಾತು ಹತ್ತು ನಿಮಿಷ ಹಿಡಿರಿ. ಫ್ಯಾನ್ ಆರಿಸ್ರಿ, ಫೋನ್ ಬಾಯಿಂದ ಒಂದು ಗೇಣು ದೂರ ಇರಲಿ. ಫ್ಯಾನಿನ ಸಪ್ಪಳದಾಗ ಸ, ಶ, ಹ ಮುಳುಗಿ ಹೋಗ್ತಾವ. ವಿಡಿಯೊ ಆದ್ರ ವಾಟ್ಸಾಪ್‌ನಾಗ ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾಂದ್ರ ಅದು ಹಿಂಡಿ ಸಣ್ಣದು ಮಾಡ್ತದ.

ಎಲ್ಲಕ್ಕಿಂತ ಹೆಚ್ಚು ತಪ್ಪೂದು ಇಲ್ಲಿ: ಕಿವಿ ಪರೀಕ್ಷಾ ಮತ್ತ ಕೂಸಿನ ಭಾಷಾದಾಗೇ ಮಾತಿನ ಪರೀಕ್ಷಾ ಹೋಗೂಕಿಂತ ಮೊದಲ ಆಗಬೇಕು. ಹಳೇದು ಹೋಗಿ ಹೊಸದು ಇನ್ನೂ ಬರದ ನಡುವಿನ ತಿಂಗಳದಾಗ ಪರೀಕ್ಷಾ ಮಾಡಿದ್ರ, ಕೂಸಿಗೆ ಮೊದಲಿಂದಲೇ ಮಾತು ತಡವೋ, ಭಾಷಾ ಬದಲಾಗಿದ್ದಕ್ಕ ಹಿಂಗೋ, ಯಾರಿಗೂ ಹೇಳಾಕ ಬರಂಗಿಲ್ಲ. ಶಾಲೆಯವರು ‘ಮಂದಬುದ್ಧಿ’ ಅಂತ ಬರೆದು ಕೈ ತೊಳ್ಕೋತಾರ.

ತೊಗರಿಕಣಜ:
ಅಲ್ಲಿ ಹೋದ ಮ್ಯಾಲ ದಿನಾ ಕನ್ನಡ ಆಡಸ್ರಿ ಅಂತ ಹೇಳಬೇಕೇನ್ರಿ?

ಮಾತಿನ ಮನಿ, ಕಲಬುರಗಿ:
ಜುಲುಮಿ ಬ್ಯಾಡ. ‘ಕನ್ನಡದಾಗ ಒಂದು ಮಾತಾಡು’ ಅಂತ ಬೀಗರ ಮುಂದ ನಿಲ್ಲಿಸಿದ್ರ, ವಾಪಸ್ ಕಳಸ್ತಾರ ಅಂತ ಕೆಲವು ಮಕ್ಕಳು ಅಂಜ್ತಾವ. ಜೋಗುಳ ಹಚ್ಚಿಡ್ರಿ, ಕೇಳಿದ್ರ ಕೇಳಲಿ, ಬ್ಯಾಡಂದ್ರ ಬಂದ್ ಮಾಡ್ರಿ. ಕಾರಾ (ದತ್ತು ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಪ್ರಾಧಿಕಾರ) ನಿಯಮದ ಪ್ರಕಾರ ಎರಡು ವರ್ಷದಾಗ ಆರು ವರದಿ ಬರ್ತಾವ: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಕೂಸು ಈಗ ಯಾವ ಮಾತು ಆಡ್ತದ, ಯಾವುದು ತಿಳಿತದ ಅಂತ ಅದ್ರಾಗ ಬರಿಯಾಕ ಈಗಲೇ ಹೇಳಿಡ್ರಿ.