ಶೆಟ್ಟರ ಮೂಲೆ ಮತ್ತು ರಾಯರ ಫ್ರೀವೇ

ಮುಂಬಯಿಯ ಟ್ರಾಫಿಕ್ಕನ್ನು ಸರಿಪಡಿಸಲು ಮಹಾನಗರಪಾಲಿಕೆ, ರಸ್ತೆ ಅಭಿವೃದ್ಧಿ ನಿಗಮ, ಟ್ರಾಫಿಕ್ ಪೊಲೀಸರು ಎಂದು ಹಲವರಿದ್ದಾರಾದರೂ, ಅವರೆಲ್ಲರ ತೀರ್ಮಾನಗಳ ಮೇಲ್ಮನವಿ ಕೇಳುವ ಪೀಠವೊಂದು ಭಾನುವಾರ ಬೆಳಿಗ್ಗೆ ಮಾಟುಂಗದ ಶೆಟ್ಟರ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದ ಮೇಜಿನಲ್ಲಿ ಕೂಡುತ್ತದೆ ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಪೀಠದಲ್ಲಿ ಮಗ ಹ್ಯೂಸ್ಟನ್ನಿನಲ್ಲಿರುವ ಕಾರಣಕ್ಕೆ ಫ್ರೀವೇ ತಜ್ಞರೆನಿಸಿಕೊಂಡ ರಾಯರಿದ್ದಾರೆ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಟೀಚರಕ್ಕ ಇದ್ದಾರೆ. ಕುಳಿತಲ್ಲಿಂದಲೇ ಮೂರು ಮೇಜುಗಳ ಬಿಲ್ಲನ್ನು ಬಾಯಲ್ಲಿ ಕೂಡುತ್ತ ವಾದಕ್ಕೂ ಕಿವಿಗೊಡುವ ಶೆಟ್ಟರಿದ್ದಾರೆ. ನಾನು ಇರುವುದು ಮುಖ್ಯವಾಗಿ ಬಿಲ್ಲು ಕೊಡುವುದಕ್ಕೆ.

ಈ ವಾರ ರಾಯರು ಕಡಲಂಚಿನಲ್ಲಿ ಹೊಸದಾಗಿ ಕಟ್ಟಿದ ಕೋಸ್ಟಲ್ ರೋಡಿನ ಗುಂಗಿನಲ್ಲಿದ್ದರು. 2009ರಲ್ಲಿ ಬಾಂದ್ರಾ–ವರ್ಲಿ ಸೀ ಲಿಂಕ್, 2013ರಲ್ಲಿ ಈಸ್ಟರ್ನ್ ಫ್ರೀವೇ, 2024ರ ಜನವರಿಯಲ್ಲಿ 21.8 ಕಿಲೋಮೀಟರಿನ ಅಟಲ್ ಸೇತು, ಅದೇ ಮಾರ್ಚಿನಲ್ಲಿ ಕೋಸ್ಟಲ್ ರೋಡಿನ ಮೊದಲ ಭಾಗ ಎಂದು ಅವರು ಮೊಮ್ಮಕ್ಕಳ ಹುಟ್ಟುಹಬ್ಬಗಳಂತೆ ಇಸವಿಗಳನ್ನು ಒಪ್ಪಿಸಿ, "ಸಿಗ್ನಲ್ಲೇ ಇಲ್ಲದ ರಸ್ತೆ, ಟೀಚರಕ್ಕ! ಒಮ್ಮೆ ಹತ್ತಿದರೆ ಇಳಿಯುವ ತನಕ ಬ್ರೇಕ್ ಮುಟ್ಟಬೇಕಾಗಿಲ್ಲ. ಊರಿಗೆಲ್ಲ ಇಂಥದ್ದನ್ನೇ ಹಾಸಿಬಿಟ್ಟರೆ ಸಮಸ್ಯೆ ಮುಗಿಯಿತು" ಎಂದರು.

"ಇಳಿದ ಮೇಲೆ?" ಎಂದರು ಟೀಚರಕ್ಕ.

"ಇಳಿದ ಮೇಲೆ ಸಿಗ್ನಲ್ ಇರುತ್ತದೆ, ಅದಕ್ಕೇನು?"

ಟೀಚರಕ್ಕ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದರು. ತಡೆಯಿಲ್ಲದೆ ಓಡುವ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 2,000 ಕಾರುಗಳು ಸಾಗಬಹುದು. ಅದೇ ಲೇನು ಸಿಗ್ನಲ್ಲಿಗೆ ಬಂದು ನಿಂತು, ನೂರು ಸೆಕೆಂಡಿನಲ್ಲಿ ನಲವತ್ತು ಸೆಕೆಂಡು ಮಾತ್ರ ಹಸಿರು ಸಿಕ್ಕರೆ ದಾಟುವುದು ಹೆಚ್ಚೆಂದರೆ 750. ಮೂರು ಲೇನಿನ ಫ್ರೀವೇ 6,000 ಕಾರುಗಳನ್ನು ತಂದು ಸುರಿದರೆ, ಮುಂದಿನ ನಾಕಾ, ಎಂದರೆ ರಸ್ತೆಗಳು ಕೂಡುವ ಚೌಕ, ಅಷ್ಟೇ ಲೇನುಗಳಲ್ಲಿ 2,250ನ್ನು ಮಾತ್ರ ಬಿಟ್ಟುಕೊಡುತ್ತದೆ. "ಉಳಿದ 3,750 ಕಾರುಗಳು ಎಲ್ಲಿ ಹೋದವು ರಾಯರೇ?" ಎಂದು ಅವರು ಕೇಳಿದ ಧಾಟಿಗೆ, ಮನೆಗೆಲಸ ಮಾಡದೆ ಬಂದ ಹುಡುಗನಂತೆ ರಾಯರು ಕಾಫಿಲೋಟದೊಳಗೆ ನೋಡಿದರು.

ಶೆಟ್ಟರಿಗೆ ಇದು ತಕ್ಷಣ ಅರ್ಥವಾಯಿತು. ಅವರು ಮೇಲಿನ ಮಹಡಿಗೆ ಊಟದ ಹಾಲ್ ವಿಸ್ತರಿಸಿದಾಗ ಕೈ ತೊಳೆಯುವ ಬೇಸಿನ್ನು ಮಾತ್ರ ಹಳೆಯದೊಂದೇ ಉಳಿದಿತ್ತಂತೆ. ಒಂದು ಗಂಟೆಯ ಹೊತ್ತಿಗೆ ಎಂಜಲು ಕೈ ಎತ್ತಿ ಹಿಡಿದವರ ಸಾಲು ಮೆಟ್ಟಿಲಿಳಿದು ಬಂದು, ಒಳಗೆ ಬರುವವರು ಬರಲಾರದೆ, ದೊಡ್ಡ ಹಾಲಿನ ವ್ಯಾಪಾರ ಸಣ್ಣ ಹಾಲಿಗಿಂತ ಕಡಿಮೆಯಾಯಿತಂತೆ.

"ಹಾಗಾದರೆ ಆ ಸಿಗ್ನಲ್ಲಿನ ಮೇಲೂ ಒಂದು ಫ್ಲೈಓವರ್ ಹಾಕಿ" ಎಂದು ರಾಯರು ಚೇತರಿಸಿಕೊಂಡರು.

ಹಾಕಿ ನೋಡಿಯಾಗಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಈ ಊರಿಗೆ ಐವತ್ತಕ್ಕೂ ಹೆಚ್ಚು ಫ್ಲೈಓವರುಗಳ ಯೋಜನೆ ಒಟ್ಟಿಗೇ ಬಂದಿತ್ತು. ಒಂದನ್ನು ಕಟ್ಟಿದರೆ ಜಾಮು ಅಲ್ಲಿಂದೆದ್ದು ಮುಂದಿನ ನಾಕಾಗೆ ಬಿಡಾರ ಬದಲಿಸುತ್ತದೆ; ಅದನ್ನು ಅಟ್ಟಿಸಿಕೊಂಡು ಇನ್ನೊಂದು ಫ್ಲೈಓವರ್ ಹೋಗುತ್ತದೆ. ಎರಡು ಫ್ಲೈಓವರುಗಳು ಸಂಧಿಸಬೇಕಾದಾಗ ಏನಾಗುತ್ತದೆ ಎಂಬುದನ್ನು ಅಂಧೇರಿಯವರು ಕಣ್ಣಾರೆ ಕಂಡಿದ್ದಾರೆ. ಅಲ್ಲಿ ಹೊಸದಾಗಿ ಕಟ್ಟಿದ ಗೋಖಲೆ ಸೇತುವೆಯ ಒಂದು ಪಾರ್ಶ್ವ 2024ರ ಫೆಬ್ರವರಿಯಲ್ಲಿ ತೆರೆದುಕೊಂಡಾಗ, ಅದು ಕೂಡಿಕೊಳ್ಳಬೇಕಾಗಿದ್ದ ಬರ್ಫಿವಾಲಾ ಫ್ಲೈಓವರಿಗೂ ಅದಕ್ಕೂ ನಡುವೆ ಸುಮಾರು ಒಂದೂವರೆ ಮೀಟರಿನ ಎತ್ತರದ ವ್ಯತ್ಯಾಸವಿತ್ತು. ಮದುವೆಯ ಮಂಟಪದಲ್ಲಿ ವಧೂವರರು ಬೇರೆ ಬೇರೆ ಮಹಡಿಯಲ್ಲಿ ನಿಂತಂತಾಗಿ, ಕೊನೆಗೆ ಹಳೆಯ ಫ್ಲೈಓವರಿನ ಒಂದು ಭಾಗವನ್ನು ಜಾಕ್ ಕೊಟ್ಟು ಎತ್ತಿ ಜುಲೈನಲ್ಲಿ ಜೋಡಿಸಿದರು. ಪುಣೆಯವರಾದರೋ ಎತ್ತುವ ಗೋಜಿಗೇ ಹೋಗದೆ, ವಿದ್ಯಾಪೀಠ ಚೌಕದ ಫ್ಲೈಓವರನ್ನು ಕಟ್ಟಿ ಹದಿನೈದು ವರ್ಷವೂ ತುಂಬುವ ಮೊದಲೇ, 2020ರಲ್ಲಿ ಮೆಟ್ರೋಗೆ ದಾರಿ ಮಾಡಲು ಒಡೆದುಹಾಕಿದರು. ನನ್ನನ್ನು ಕೇಳಿದರೆ, ಫ್ಲೈಓವರಿನಿಂದ ಜಾಮಿಲ್ಲದ ದಾರಿ ಸಿಕ್ಕಿರುವುದು ನಮ್ಮ ಮಾಟುಂಗದಲ್ಲಿ ಮಾತ್ರ: ಇಲ್ಲಿನ ಫ್ಲೈಓವರಿನ ಅಡಿಯಲ್ಲಿ ನರ್ಮದಾ ನದಿಯ ಹರಿವನ್ನು ಹೋಲುವಂತೆ ಬಳುಕುವ ಕಾಲುದಾರಿಯ ಉದ್ಯಾನವೊಂದಿದೆ, ಮೇಲೆ ಕಾರುಗಳು ತೆವಳುವಾಗ ಕೆಳಗೆ ಮಂಡಿನೋವಿನ ಹಿರಿಯರು ಅವುಗಳನ್ನು ಹಿಂದಿಕ್ಕಿ ನಡೆಯುತ್ತಾರೆ.

"ಹ್ಯೂಸ್ಟನ್ನಿನಲ್ಲಿ ಬಂದು ನೋಡಿ" ಎಂದು ರಾಯರು ತಮ್ಮ ಬ್ರಹ್ಮಾಸ್ತ್ರ ತೆಗೆದರು. ಅದು ತಿರುಗುಬಾಣವಾದೀತೆಂದು ಅವರು ಎಣಿಸಿರಲಿಲ್ಲ. ಅಲ್ಲಿನ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಅಗಲ ಮಾಡಿ ಮುಗಿಸಿದಾಗ, ಪಕ್ಕದ ರಸ್ತೆಗಳನ್ನೂ ಸೇರಿಸಿ ಅತ್ಯಂತ ಅಗಲವಾದ ಕಡೆ 26 ಲೇನುಗಳಾದವು. ಆದರೆ 2011ರಿಂದ 2014ರೊಳಗೆ ಅದರಲ್ಲಿ ಸಂಜೆಯ ಪ್ರಯಾಣದ ಸಮಯ ಅರ್ಧಪಾಲಿಗೂ ಮಿಕ್ಕಿ ಹೆಚ್ಚಿತು. ದಾರಿ ಸಲೀಸಾಯಿತೆಂದು ಜನ ಇನ್ನೂ ದೂರ ಮನೆ ಮಾಡುತ್ತಾರೆ, ರೈಲು ಬಿಟ್ಟು ಕಾರು ಹತ್ತುತ್ತಾರೆ, ಹೊತ್ತು ತಪ್ಪಿಸಿ ಹೊರಡುತ್ತಿದ್ದವರು ಮತ್ತೆ ಒಂಬತ್ತು ಗಂಟೆಗೇ ಹೊರಡುತ್ತಾರೆ. ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ ಇದನ್ನು 1962ರಲ್ಲೇ ಬರೆದಿಟ್ಟಿದ್ದರು ಎಂದು ಟೀಚರಕ್ಕ ಹೇಳಿದಾಗ, "ನನ್ನ ಮಗ ಹೇಳಲೇ ಇಲ್ಲ" ಎಂದು ರಾಯರು ಗೊಣಗಿದರು. ಬಹುಶಃ ಅವನು ಇನ್ನೂ ಅದೇ ಜಾಮಿನಲ್ಲಿರಬೇಕು.

"ಸರಿ, ನಿಮ್ಮ ಮದ್ದೇನು?"

ಟೀಚರಕ್ಕನ ಮದ್ದು ನಾಕಾದಲ್ಲೇ ಇತ್ತು. ನಾಲ್ಕು ರಸ್ತೆ ಕೂಡುವ ಸಾಧಾರಣ ಚೌಕದಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ಅಡ್ಡಗಟ್ಟುವ, ಕೂಡುವ, ಕವಲೊಡೆಯುವ ಜಾಗಗಳು 32. ಅದನ್ನೇ ಒಂಟಿ ಲೇನಿನ ವೃತ್ತ ಮಾಡಿದರೆ 8. ಈ 32ರಲ್ಲಿ ಹೆಚ್ಚಿನ ತಂಟೆ ಬಲಕ್ಕೆ ತಿರುಗುವವರದು. ಅಮೆರಿಕದ ಮಿಷಿಗನ್ನಿನಲ್ಲಿ, ಅಲ್ಲಿಯ ಲೆಕ್ಕಕ್ಕೆ ಎಡತಿರುವನ್ನು, ಹಲವು ಚೌಕಗಳಲ್ಲಿ ಮುಚ್ಚಿಯೇ ಬಿಟ್ಟಿದ್ದಾರೆ: ನೇರ ಮುಂದೆ ಹೋಗಿ, ಯೂ–ಟರ್ನ್ ಹೊಡೆದು ಹಿಂದಿರುಗಿ ಬಂದು ತಿರುಗಬೇಕು. ಸಿಗ್ನಲ್ಲಿನ ಸರದಿ ಕಡಿಮೆಯಾದಷ್ಟೂ ಉಳಿದವರಿಗೆ ಹಸಿರು ಉದ್ದವಾಗುತ್ತದೆ. ಸಿಮೆಂಟು ಸುರಿಯದೆ ಲೇನಿನ ತಾಕತ್ತು ಏರುತ್ತದೆ.

"ವೃತ್ತ ಬೇಕಾದರೆ ಇಲ್ಲೇ ಕಿಂಗ್ಸ್ ಸರ್ಕಲ್ ಇದೆಯಲ್ಲ, ಅಲ್ಲೇಕೆ ಗೋಳು?" ಎಂದರು ಶೆಟ್ಟರು.

ಇದು ಸರಿಯಾದ ಪ್ರಶ್ನೆಯೇ. ವೃತ್ತದೊಳಗೆ ಇರುವವನಿಗೆ ಒಳನುಗ್ಗುವವನು ದಾರಿ ಬಿಡಬೇಕೆಂಬ ನಿಯಮವನ್ನು ಬ್ರಿಟನ್ನಿನವರು 1966ರಲ್ಲಿ ಗಟ್ಟಿಮಾಡುವ ತನಕ ಅವರ ವೃತ್ತಗಳೂ ಕಟ್ಟಿಕೊಂಡು ನಿಲ್ಲುತ್ತಿದ್ದವು. ನಮ್ಮಲ್ಲಿ ಯಾರ ಬಂಪರ್ ಮೊದಲು ನುಗ್ಗಿತೋ ಅವರದೇ ಕಾನೂನು. ಅದೂ ಅಲ್ಲದೆ, ಎಲ್ಲ ದಿಕ್ಕುಗಳಿಂದಲೂ ಸೇರಿ ಗಂಟೆಗೆ 3,000 ವಾಹನಗಳನ್ನು ಮೀರಿದರೆ ವೃತ್ತ ಸೋಲುತ್ತದೆ ಎಂದು ರಸ್ತೆಗಳ ಮಾನದಂಡ ಗೊತ್ತುಮಾಡುವ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸೇ ಹೇಳಿದೆ. ಹಾಗಾಗಿ ವೃತ್ತ ಎಲ್ಲ ಕಡೆಗೂ ಅಲ್ಲ. ದೊಡ್ಡ ನಾಕಾಗಳಿಗೆ ಸಿಗ್ನಲ್ಲಿನ ಸರದಿ ತಿದ್ದಬೇಕು, ನಗರ ಸಾರಿಗೆಯ ಬೆಸ್ಟ್ ಬಸ್ಸಿನ ನಿಲ್ದಾಣವನ್ನು ಸಿಗ್ನಲ್ ದಾಟಿದ ಮೇಲಕ್ಕೆ ಸರಿಸಬೇಕು, ನಡೆದು ದಾಟುವವನಿಗೆ ನಡುವೆ ನಿಲ್ಲಲು ಒಂದು ದಿಬ್ಬ ಕೊಡಬೇಕು.

ರಾಯರೇನು ಪೂರ್ತಿ ತಪ್ಪಲ್ಲ. ಊರೊಳಗೆ ಕೆಲಸವೇ ಇಲ್ಲದೆ ಊರು ದಾಟಿ ಹೋಗುವ ವಾಹನವನ್ನು ನಾಕಾಗಳಿಗೆ ತರದೆ ಹೊರಗಿನಿಂದಲೇ ಸಾಗಿಸುವುದಕ್ಕೆ ಫ್ರೀವೇ ಬೇಕು. ನನ್ನ ತಕರಾರು ಹಣದ ಹಂಚಿಕೆಯದು. ಕೋಸ್ಟಲ್ ರೋಡಿಗೆ 13,000 ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾಯಿತು, ಅದರಲ್ಲಿ ಸ್ಕೂಟರಿನವನಿಗೆ ಪ್ರವೇಶವಿಲ್ಲ. ಸ್ಕೂಟರಿನವನು ದಿನವೂ ಸಿಕ್ಕಿಕೊಳ್ಳುವ ನಾಕಾಕ್ಕೆ ಬಣ್ಣ ಬಳಿಯಲು ಮಾತ್ರ ಎಂದೂ ಹಣವಿರುವುದಿಲ್ಲ, ಏಕೆಂದರೆ ಯೂ–ಟರ್ನಿಗೆ ರಿಬ್ಬನ್ ಕತ್ತರಿಸಲು ಯಾವ ಮಂತ್ರಿಯೂ ಬರುವುದಿಲ್ಲ.

"ಸಮುದ್ರದ ಮೇಲೆ ಕಟ್ಟುವುದರ ಸುಖವೇ ಅದು, ಅಡ್ಡಿಪಡಿಸಲು ಅಲ್ಲಿ ಯಾರಿದ್ದಾರೆ?" ಎಂದರು ರಾಯರು.

"ವರ್ಲಿ ಕೋಳಿವಾಡದ ಮೀನುಗಾರರಿಲ್ಲವೇ?" ಎಂದರು ಟೀಚರಕ್ಕ. ದೋಣಿ ಹೋಗಲು ಕೋಸ್ಟಲ್ ರೋಡಿನ ಕಂಬಗಳ ನಡುವೆ 60 ಮೀಟರು ಸಾಲದೆಂದು ಹಟ ಹಿಡಿದು ಅವರು ಅದನ್ನು 120 ಮಾಡಿಸಿಕೊಂಡರು. "ನಾಕಾದಲ್ಲಿ ಅಂಥ ಹೋರಾಟವೂ ಬೇಡ. ಮೂಲೆಯಿಂದ ಸ್ವಲ್ಪ ದೂರದವರೆಗೆ ವಾಹನ ನಿಲ್ಲಿಸುವುದನ್ನು ತಪ್ಪಿಸಿದರೆ ಎಡಕ್ಕೆ ತಿರುಗುವವರಿಗೇ ಒಂದು ಲೇನು ಸಿಗುತ್ತದೆ."

ಅಲ್ಲಿಯತನಕ ಪ್ರತಿ ಮಾತಿಗೂ ತಲೆದೂಗುತ್ತಿದ್ದ ಶೆಟ್ಟರು ತಲೆಯನ್ನು ನಿಲ್ಲಿಸಿದರು. ಅವರ ಹೋಟೆಲು ಇರುವುದು ಮೂಲೆಯಲ್ಲೇ. ಪಾರ್ಸೆಲ್ ಒಯ್ಯುವ ಹುಡುಗರ ಬೈಕುಗಳು, ಹಾಲಿನ ಟೆಂಪೋ, ಗಿರಾಕಿಗಳ ಕಾರುಗಳು ನಿಲ್ಲುವುದು ಟೀಚರಕ್ಕ ಈಗಷ್ಟೇ ಮಂಜೂರು ಮಾಡಿದ ಆ ಲೇನಿನಲ್ಲೇ.

"ಎಷ್ಟು ದೂರದವರೆಗೆ ಎಂದಿರಿ?" ಎಂದು ಕೇಳಿದರು.

"ಒಂದೈವತ್ತು ಮೀಟರು ಇದ್ದರೆ ಒಳ್ಳೆಯದು."

ಶೆಟ್ಟರು ಬಾಗಿಲಾಚೆ ನೋಡಿ, ಮನಸ್ಸಿನಲ್ಲೇ ಐವತ್ತು ಮೀಟರು ಅಳೆದು, ರಾಯರ ಕಡೆಗೆ ಕುರ್ಚಿ ತಿರುಗಿಸಿಕೊಂಡು, "ಅದಿರಲಿ ರಾಯರೇ, ನಿಮ್ಮ ಫ್ರೀವೇ ವಿಷಯ ಅರ್ಧಕ್ಕೇ ನಿಂತಿತಲ್ಲ" ಎಂದು ಒಳಗಿನಿಂದ ಅವರಿಗೆ ಇನ್ನೊಂದು ಕಾಫಿ ತರಿಸಿದರು.