ನೀರಿಗೆ 104.5 ಡಿಗ್ರಿ, ಹೈಡ್ರೋಜನ್ ಸಲ್ಫೈಡ್‌ಗೆ 92: ಒಂದೇ ಗುಂಪಿನವಾದರೂ ಯಾಕೆ ಹೀಗೆ?

ಹಾವೇರಿ ಪಿಯು ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹತ್ತನೇ ತನಕ ನಾನು ಕನ್ನಡ ಮಾಧ್ಯಮ, ಈಗ ಪ್ರಥಮ ಪಿಯುಸಿ ವಿಜ್ಞಾನ. ರಾಸಾಯನಿಕ ಬಂಧದ ಪಾಠವನ್ನು ಮೂರು ಸಲ ಓದಿದ್ದೇನೆ. ಮೊದಲ ಸಲ ಡಿಕ್ಷನರಿ ಹಿಡಿದು, ಎರಡನೇ ಸಲ ನೋಟ್ಸ್ ಬರೆದು, ಮೂರನೇ ಸಲ ಕಣಕದ ಉಂಡೆಗೆ ಬೆಂಕಿಕಡ್ಡಿ ಚುಚ್ಚಿ ಮಾದರಿ ಮಾಡುತ್ತ.

ಬಂಧಗಳ ನಡುವಿನ ಕೋನ ಮಿಥೇನ್‌ನಲ್ಲಿ 109.5 ಡಿಗ್ರಿ, ಅಮೋನಿಯದಲ್ಲಿ 107, ನೀರಿನಲ್ಲಿ 104.5. ಇಷ್ಟು ಚೆನ್ನಾಗಿ ಅರ್ಥವಾಯಿತು. ಮೂರರಲ್ಲೂ ನಾಲ್ಕು ಜೋಡಿ ಇಲೆಕ್ಟ್ರಾನ್. ಬಂಧದಲ್ಲಿ ಸೇರದ ಜೋಡಿ, ಅಂದರೆ ಲೋನ್ ಪೇರ್, ಹೆಚ್ಚಾದಂತೆ ಅವು ಬಂಧದ ಜೋಡಿಗಳಾದ ಬಾಂಡ್ ಪೇರ್‌ಗಳನ್ನು ಒತ್ತುತ್ತವೆ, ಕೋನ ಸಣ್ಣದಾಗುತ್ತದೆ. ಖುಷಿಯಿಂದ ತಂಗಿಗೂ ಹೇಳಿಕೊಟ್ಟೆ. ಆಮೇಲೆ ಪುಸ್ತಕದ ಹಿಂದಿನ ಒಂದು ಪಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಕೋನ 92 ಅಂತ ಕಂಡಿತು. ಗಂಧಕ ಆಮ್ಲಜನಕದ ಕೆಳಗೇ ಇದೆ. ಎರಡು ಬಂಧ, ಎರಡು ಲೋನ್ ಪೇರ್, ಎಲ್ಲಾ ನೀರಿನ ಥರವೇ. ಹಾಗಿದ್ದರೆ 104ರ ಹತ್ತಿರ ಇರಬೇಕಲ್ಲವೇ? 12 ಡಿಗ್ರಿ ಎಲ್ಲಿ ಹೋಯಿತು?

ಇನ್ನೊಂದು ಅನುಮಾನ. ನಮ್ಮ ಹೊಲದಲ್ಲಿ ಹೈಬ್ರಿಡ್ ಗೋವಿನಜೋಳ ಹಾಕುತ್ತೇವೆ. ಅಲ್ಲಿ ಎರಡು ತಳಿ ಬೆರೆಸಿ ಬೀಜ ತೆಗೆಯುತ್ತಾರೆ, ಅದು ಗೊತ್ತು. ಆದರೆ ಪರಮಾಣುವಿನಲ್ಲಿ ಎಸ್ ಮತ್ತು ಪಿ ಆರ್ಬಿಟಲ್ (ಇಲೆಕ್ಟ್ರಾನ್ ಇರುವ ಜಾಗಗಳು) ಬೆರೆಯುವುದು, ಅಂದರೆ ಹೈಬ್ರಿಡೈಸೇಶನ್, ಯಾವಾಗ? ಹೈಡ್ರೋಜನ್ ಹತ್ತಿರ ಬರುವ ಮೊದಲೋ ಆಮೇಲೋ? ಆಕಾರ ನಿರ್ಧರಿಸುವುದು ಜೋಡಿಗಳ ತಳ್ಳಾಟವೋ ಹೈಬ್ರಿಡೈಸೇಶನ್ನೋ? ಕ್ಲಾಸಿನಲ್ಲಿ ಕೇಳಬೇಕೆಂದಿದ್ದೆ. ಎಂಬತ್ತು ಜನರ ಮಧ್ಯೆ ಕೈ ಎತ್ತುವಷ್ಟರಲ್ಲಿ ಗಂಟೆ ಹೊಡೆಯಿತು.

ಸಿಇಟಿ ತಯಾರಿ, ಎರಡನೇ ವರ್ಷ:

ತಂಗಿ, ಪರೀಕ್ಷೆಗೆ ಇಷ್ಟು ನೆನಪಿಟ್ಟುಕೋ. ಮಧ್ಯದ ಪರಮಾಣುವಿನ ಹೊರಕವಚದ ಇಲೆಕ್ಟ್ರಾನ್‌ಗಳಿಗೆ ಸುತ್ತಲಿನ ಹೈಡ್ರೋಜನ್‌ಗಳ ಸಂಖ್ಯೆ ಸೇರಿಸಿ ಎರಡರಿಂದ ಭಾಗಿಸು. ನೀರಿಗೆ 6ಕ್ಕೆ 2 ಸೇರಿ 8, ಭಾಗಿಸಿದರೆ 4. ಅಂದರೆ ಎಸ್‌ಪಿ3, ಒಂದು ಎಸ್ ಮೂರು ಪಿ ಬೆರೆತದ್ದು. ಮಧ್ಯದ ಪರಮಾಣು ಮೂರನೇ ಆವರ್ತ ಅಥವಾ ಅದಕ್ಕೂ ಕೆಳಗಿನದಾಗಿ, ಅದರಲ್ಲಿ ಲೋನ್ ಪೇರ್ ಇದ್ದು, ಸುತ್ತ ಹೈಡ್ರೋಜನ್‌ನಂಥ ಕಡಿಮೆ ವಿದ್ಯುದೃಣತೆಯ (ಬಂಧದ ಇಲೆಕ್ಟ್ರಾನ್ ತನ್ನತ್ತ ಎಳೆಯುವ ಗುಣದ) ಪರಮಾಣು ಇದ್ದರೆ ಹೈಬ್ರಿಡೈಸೇಶನ್ ಇಲ್ಲ, ಕೋನ 90ರ ಹತ್ತಿರ. ಇದಕ್ಕೆ ಡ್ರಾಗೋ ನಿಯಮ ಅಂತಾರೆ. ಫಾಸ್ಫೀನ್ (ರಂಜಕಕ್ಕೆ ಮೂರು ಹೈಡ್ರೋಜನ್), ಹೈಡ್ರೋಜನ್ ಸಲ್ಫೈಡ್, ಹೈಡ್ರೋಜನ್ ಸೆಲೆನೈಡ್ ಎಲ್ಲ ಇದರಲ್ಲೇ ಬರುತ್ತವೆ. ನಾನೂ ಹೋದ ವರ್ಷ ಇಲ್ಲೇ ಸಿಕ್ಕಿಬಿದ್ದಿದ್ದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಶಿರಸಿ:

ಮಗು, ನಿನ್ನ ಪ್ರಶ್ನೆ ಓದಿ ಬೆಳಗಿನ ಕಾಫಿ ಆರಿಹೋಯಿತು. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ನೀರು ಮತ್ತು ಹೈಡ್ರೋಜನ್ ಸಲ್ಫೈಡ್‌ನ ಕೋನ ಪಕ್ಕಪಕ್ಕ ಇಟ್ಟು ಕೇಳಿದ ಮಕ್ಕಳು ನಾಲ್ಕೈದು ಮಂದಿ ಇರಬಹುದು. ಮೇಲೆ ತಮ್ಮ ಹೇಳಿದ ನಿಯಮ ಸರಿಯಾಗಿದೆ, ಪರೀಕ್ಷೆಯಲ್ಲಿ ಕೆಲಸಕ್ಕೂ ಬರುತ್ತದೆ. ಆದರೆ ನೀನು ಕೇಳಿದ್ದು ಕಾರಣ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಮೊದಲು ನಿನ್ನ ಎರಡನೇ ಪ್ರಶ್ನೆ. ಆಕಾರವೇ ಮೊದಲು ಬಂದದ್ದು. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿವೆ ಎಂದು ವಾಂಟ್ ಹಾಫ್ ಎಂಬ ಡಚ್ ಯುವಕ 1874ರಲ್ಲಿ ಹೇಳಿದ. ಆಗ ಅವನಿಗೆ 22 ವರ್ಷ. ಅದೇ ವರ್ಷ ಫ್ರಾನ್ಸಿನ ಲ ಬೆಲ್ ಕೂಡ ಬೇರೆ ದಾರಿಯಿಂದ ಅದೇ ಮಾತಿಗೆ ಬಂದ. ಇಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ! ಇಲೆಕ್ಟ್ರಾನ್ ಅನ್ನುವುದೊಂದು ಇದೆ ಅಂತಲೇ ಗೊತ್ತಿಲ್ಲದ ಕಾಲದಲ್ಲಿ, ಒಂದು ವಸ್ತುವಿಗೆ ಎಷ್ಟು ರೂಪಗಳು ಸಿಗುತ್ತವೆ ಎಂದು ಎಣಿಸಿ, ಆಕಾರ ಹೇಳಿಬಿಟ್ಟರು. ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಅಮೆರಿಕದ ರಸಾಯನಶಾಸ್ತ್ರಜ್ಞ ಪೌಲಿಂಗ್ ಹೈಬ್ರಿಡೈಸೇಶನ್ ಕಲ್ಪನೆ ತಂದದ್ದು 1931ರಲ್ಲಿ. ಇಂಗಾಲದ ಒಂದು ಎಸ್, ಮೂರು ಪಿ ಆರ್ಬಿಟಲ್‌ಗಳಿಂದ ನಾಲ್ಕು ಸಮಾನ ಬಂಧ ಹೇಗೆ ಬರುತ್ತವೆ ಎಂದು ವಿವರಿಸಲು. ಜೋಡಿಗಳನ್ನು ಎಣಿಸಿ ಆಕಾರ ಹೇಳುವ ದಾರಿಯನ್ನು ಸಿಜ್ವಿಕ್ ಮತ್ತು ಪೊವೆಲ್ 1940ರಲ್ಲಿ ತೋರಿಸಿದರು. ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಅದನ್ನು ಇವತ್ತು ನೀನು ಓದುವ ರೂಪಕ್ಕೆ ತಂದರು. ಎರಡೂ ಒಂದೇ ಅಳೆದ ಆಕಾರಕ್ಕೆ ನಾವು ಕೊಡುವ ಎರಡು ವಿವರಣೆಗಳು. ನೀರು ಪೌಲಿಂಗ್‌ನನ್ನು ಕೇಳಿ ಬಾಗಿದ್ದಲ್ಲ.

ಈಗ ಬಲೂನು. ಪಾಠಕ್ಕೆ ಸೇರಿದ ಹೊಸತರಲ್ಲಿ ಮಿಥೇನ್ ಬರೆಯಿರಿ ಅಂದರೆ ಮಕ್ಕಳೆಲ್ಲ ಕೂಡಿಸುವ ಚಿಹ್ನೆ ಬರೆದು ನಾಲ್ಕು ಕಡೆ ಹೈಡ್ರೋಜನ್ ಹಾಕುತ್ತಿದ್ದರು. ಕೋನ 90 ಅನ್ನುತ್ತಿದ್ದರು. ಬೋರ್ಡು ಚಪ್ಪಟೆ, ಆದ್ದರಿಂದ ಅಣುವೂ ಚಪ್ಪಟೆ. ಒಂದು ಸಲ ಮಾರಿಕಾಂಬಾ ಜಾತ್ರೆಯಿಂದ ಒಂದು ಪೊಟ್ಟಣ ಬಲೂನು ತಂದು, ಒಂದೇ ಗಾತ್ರಕ್ಕೆ ಊದಿ, ಎರಡೆರಡರ ಕುತ್ತಿಗೆ ಗಂಟು ಹಾಕಿ, ಆ ಎರಡು ಜೋಡಿಯನ್ನು ಒಂದಕ್ಕೊಂದು ತಿರುಚಿದೆ. ಕೈ ಬಿಟ್ಟ ಕೂಡಲೇ ನಾಲ್ಕೂ ತಾವಾಗಿಯೇ ಚತುರ್ಮುಖಿಯಾಗಿ ನಿಂತವು. ಹಿಂದಿನ ಬೆಂಚಿನ ಹುಡುಗ ಬಂದು ಮೇಜಿನ ಮೇಲಿಟ್ಟು ಚಪ್ಪಟೆಯಾಗಿ ಅದುಮಿದ. ಕೈ ತೆಗೆದದ್ದೇ ಮತ್ತೆ ಪುಟಿದು ಮೊದಲಿನಂತಾಯಿತು. ಆಮೇಲೆ ಆ ವರ್ಷ ಯಾರೂ ಮಿಥೇನ್‌ಗೆ 90 ಬರೆಯಲಿಲ್ಲ. ನೀನೂ ಮಾಡಿ ನೋಡು, ತಂಗಿಯನ್ನೂ ಕೂರಿಸಿಕೋ.

ಬಲೂನಿನಿಂದ ಒಂದು ತಪ್ಪು ತಿಳಿವಳಿಕೆ ಆಗಬಾರದು. ಜೋಡಿಗಳು ದೂರ ಸರಿಯುವುದು ಋಣ ಆವೇಶ ಋಣ ಆವೇಶವನ್ನು ತಳ್ಳುತ್ತದೆ ಎಂಬ ಕಾರಣದಿಂದಷ್ಟೇ ಅಲ್ಲ. ಒಂದೇ ಬಗೆಯ ಸ್ಪಿನ್ (ಇಲೆಕ್ಟ್ರಾನ್‌ನ ಒಂದು ಗುಣ, ಅದರಲ್ಲಿ ಎರಡೇ ಬಗೆ) ಇರುವ ಎರಡು ಇಲೆಕ್ಟ್ರಾನ್‌ಗಳು ಒಂದೇ ಜಾಗದಲ್ಲಿ ಇರಲಾರವು ಎನ್ನುವ ಪೌಲಿ ನಿಯಮದ ಕೈವಾಡವೇ ದೊಡ್ಡದು. ಜೋಡಿಯೊಳಗೆ ಎರಡರ ಸ್ಪಿನ್ ಬೇರೆ, ಹಾಗಾಗಿ ಹೊಂದಿಕೊಂಡಿರುತ್ತವೆ. ಪಕ್ಕದ ಜೋಡಿಗೆ ಮಾತ್ರ ಜಾಗ ಬಿಡಬೇಕು.

ಲೋನ್ ಪೇರ್ ಯಾಕೆ ಹೆಚ್ಚು ಒತ್ತುತ್ತದೆ? ಬಾಂಡ್ ಪೇರನ್ನು ಎರಡು ನ್ಯೂಕ್ಲಿಯಸ್‌ಗಳು ಆಚೀಚೆಯಿಂದ ಎಳೆಯುತ್ತವೆ, ಅದು ನೀಳವಾಗಿ, ತೆಳುವಾಗಿ ಇರುತ್ತದೆ. ಲೋನ್ ಪೇರ್‌ಗೆ ಒಬ್ಬನೇ ಯಜಮಾನ. ಅದು ಮಧ್ಯದ ಪರಮಾಣುವಿಗೆ ಅಂಟಿಕೊಂಡು ಅಗಲವಾಗಿ ಹರಡುತ್ತದೆ. ಎರಡು ಬಲೂನು ಸ್ವಲ್ಪ ದಪ್ಪ ಊದಿದರೆ ಉಳಿದೆರಡು ಹತ್ತಿರ ಸರಿಯುವುದು ಕಾಣುತ್ತದೆ.

ಇನ್ನು ಗಂಧಕ. ಆಮ್ಲಜನಕ ಸಣ್ಣ ಪರಮಾಣು. ಆಮ್ಲಜನಕ–ಹೈಡ್ರೋಜನ್ ಬಂಧದ ಉದ್ದ 96 ಪಿಕೋಮೀಟರ್. ಗಂಧಕ–ಹೈಡ್ರೋಜನ್ ಬಂಧ 134 ಪಿಕೋಮೀಟರ್. ಆಮ್ಲಜನಕದ ವಿದ್ಯುದೃಣತೆ 3.44, ಗಂಧಕದ್ದು 2.58, ಹೈಡ್ರೋಜನ್ 2.20. ಅಂದರೆ ಆಮ್ಲಜನಕ ಬಾಂಡ್ ಪೇರ್‌ಗಳನ್ನು ತನ್ನ ಕಡೆಗೇ ಎಳೆದುಕೊಂಡಿರುತ್ತದೆ. ಸಣ್ಣ ಕೋಣೆಯಲ್ಲಿ ನಾಲ್ಕು ಜನ ಮಲಗಿದ ಹಾಗೆ ಗಿಜಿಗಿಜಿ. ಗಂಧಕದಲ್ಲಿ ಅವು ದೂರ, ನಡುವೆ ಜಾಗ ಧಾರಾಳ. ಆದ್ದರಿಂದ ಲೋನ್ ಪೇರ್‌ಗಳು ಒತ್ತಿದಷ್ಟೂ ಅವು ಹತ್ತಿರ ಸರಿಯಬಲ್ಲವು.

ನಂಬಿಕೆ ಬರದಿದ್ದರೆ ಸ್ಕೇಲು, ಕೋನಮಾಪಕ ತಗೊಂಡು ಎರಡೂ ಅಣು ಬರೆ. ಒಂದು ಮಿಲಿಮೀಟರಿಗೆ ಒಂದು ಪಿಕೋಮೀಟರ್ ಇರಲಿ. ನೀರಿನ ಎರಡು ಹೈಡ್ರೋಜನ್‌ಗಳ ನಡುವಿನ ಅಂತರ ಸುಮಾರು 152 ಬರುತ್ತದೆ. ಹೈಡ್ರೋಜನ್ ಸಲ್ಫೈಡ್‌ನಲ್ಲಿ 193. ಕೋನ ಕಿರಿದು, ಆದರೂ ಹೈಡ್ರೋಜನ್‌ಗಳು ಹೆಚ್ಚು ದೂರ! ಪಟ್ಟಿಯಲ್ಲಿ ಕೋನ ಮಾತ್ರ ಕೊಟ್ಟಾಗ ಇದು ಕಣ್ಣಿಗೆ ಬೀಳುವುದಿಲ್ಲ.

ಅಮೋನಿಯದಲ್ಲಿ ಹೈಡ್ರೋಜನ್ ತೆಗೆದು ಫ್ಲೋರಿನ್ ಹಾಕಿದರೆ ಕೋನ 107ರಿಂದ 102ಕ್ಕೆ ಇಳಿಯುತ್ತದೆ. ಫ್ಲೋರಿನ್ ದೊಡ್ಡ ಪರಮಾಣು, ಕೋನ ಹಿಗ್ಗಬೇಕು ಅಂತ ಮಕ್ಕಳು ಹೇಳುತ್ತಿದ್ದರು. ಫ್ಲೋರಿನ್ ಬಾಂಡ್ ಪೇರನ್ನು ತನ್ನತ್ತ ಎಳೆದುಕೊಂಡಿತು, ಸಾರಜನಕದ ಹತ್ತಿರ ಗದ್ದಲ ಕಡಿಮೆಯಾಯಿತು, ಕೋನ ಇಳಿಯಿತು. ಗಂಧಕದ ಕಥೆಯೇ ಇದು, ಬೇರೆ ವೇಷದಲ್ಲಿ.

ಇದನ್ನೇ ಹೈಬ್ರಿಡೈಸೇಶನ್ ಭಾಷೆಯಲ್ಲೂ ಹೇಳಬಹುದು. ಎಸ್‌ಪಿ3 ಅಂದರೆ ಎಸ್ ಅಂಶ ಶೇಕಡಾ 25, ಪಿ ಅಂಶ 75. ಆದರೆ ನಾಲ್ಕು ಆರ್ಬಿಟಲ್‌ಗಳೂ ಸಮಪಾಲು ಹಂಚಿಕೊಳ್ಳಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಕೋನ ಗೊತ್ತಿದ್ದರೆ ಬಂಧದಲ್ಲಿ ಎಸ್ ಪಾಲು ಎಷ್ಟೆಂದು ನೀನೇ ತೆಗೆಯಬಹುದು. ಬಂಧಕೋನದ ಕೊಸೈನ್ ತೆಗೆದುಕೋ. ಅದರಿಂದ 1 ಕಳೆ. ಬಂದ ಸಂಖ್ಯೆಯಿಂದ ಕೊಸೈನನ್ನು ಭಾಗಿಸು. ಮಿಥೇನ್‌ಗೆ ಕೊಸೈನ್ −0.333, ಭಾಗಿಸುವ ಸಂಖ್ಯೆ −1.333, ಉತ್ತರ 0.25. ನೀರಿಗೆ −0.250ನ್ನು −1.250ರಿಂದ ಭಾಗಿಸಿದರೆ 0.20. ಅಂದರೆ ಎರಡು ಬಂಧಗಳಿಗೆ ಸೇರಿ 40 ಪಾಲು, ಉಳಿದ 60 ಪಾಲು ಎಸ್ ಲೋನ್ ಪೇರ್‌ಗಳಿಗೆ. ಹೈಡ್ರೋಜನ್ ಸಲ್ಫೈಡ್‌ಗೆ, ಕೋನ 92.1 ಎಂದು ಹಿಡಿದರೆ, ಬಂಧವೊಂದಕ್ಕೆ ಬರೀ 3.5 ಪಾಲು. ಬಂಧಗಳು ಹೆಚ್ಚುಕಡಿಮೆ ಶುದ್ಧ ಪಿ. ಪಿ ಆರ್ಬಿಟಲ್‌ಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರುತ್ತವೆ, ಕೋನ ಅದರ ಹತ್ತಿರ ಬಂತು. ಎಸ್‌ನಲ್ಲಿ ಇಲೆಕ್ಟ್ರಾನ್ ಇದ್ದರೆ ಶಕ್ತಿ ಕಡಿಮೆ. ಅದನ್ನು ಬಂಧಕ್ಕೆ ಕೊಡಬೇಕಾದರೆ ಏನಾದರೂ ಲಾಭ ಬೇಕು. ಆಮ್ಲಜನಕದಲ್ಲಿ ಗಿಜಿಗಿಜಿ ತಪ್ಪುತ್ತದೆ, ಬಂಧ ಗಟ್ಟಿಯಾಗುತ್ತದೆ, ಆದ್ದರಿಂದ ಕೊಡುತ್ತದೆ. ಗಂಧಕದಲ್ಲಿ ಆ ಲಾಭ ಇಲ್ಲ. ಹಾಗಾಗಿ ತಮ್ಮ ಹೇಳಿದ "ಹೈಬ್ರಿಡೈಸೇಶನ್ ಇಲ್ಲ" ಎನ್ನುವುದನ್ನು "ಬಹಳ ಕಡಿಮೆ" ಎಂದು ಓದಿಕೋ.

ನಾವು ಡಿಗ್ರಿಯಲ್ಲಿದ್ದಾಗ ಲ್ಯಾಬಿನ ಹಿಂದಿನ ವರಾಂಡದಲ್ಲಿ ಕಿಪ್ಸ್ ಉಪಕರಣ ಇರುತ್ತಿತ್ತು. ಹೈಡ್ರೋಜನ್ ಸಲ್ಫೈಡ್ ಹಿಡಿಯಲು ಸರದಿ ನಿಲ್ಲುತ್ತಿದ್ದೆವು, ಕೊಳೆತ ಮೊಟ್ಟೆ ವಾಸನೆ ಸೀರೆಗೆ ಅಂಟಿ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಮೂರು ವರ್ಷ ಆ ಅನಿಲ ಮೂಸಿದೆ. ಅದರ ಕೋನ ಎಷ್ಟೆಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಿನಗೆ ಹೊಳೆಯಿತು.

ರೋಹಿತ ಕೋಣೆಯಿಂದ:

ಮೇಡಂ ಬಹುತೇಕ ಎಲ್ಲಾ ಹೇಳಿದ್ದಾರೆ. "ಯಾವಾಗ ಬೆರೆಯುತ್ತದೆ" ಎಂಬುದಕ್ಕೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ನಾನು ರೋಹಿತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಿಥೇನ್ ಮೇಲೆ ಹೆಚ್ಚು ಶಕ್ತಿಯ ಬೆಳಕು ಹಾಯಿಸಿ ಇಲೆಕ್ಟ್ರಾನ್ ಕಿತ್ತು ಅದರ ಶಕ್ತಿ ಅಳೆಯಬಹುದು. ನಾಲ್ಕೂ ಬಂಧ ಒಂದೇ ಥರದ ಎಸ್‌ಪಿ3 ಆದ್ದರಿಂದ ಒಂದೇ ಶಿಖರ ಬರಬೇಕು ಅಂತ ಅನ್ನಿಸುತ್ತದೆ. ಬರುವುದು ಎರಡು: ಒಂದು ಸುಮಾರು 14 ಇಲೆಕ್ಟ್ರಾನ್ ವೋಲ್ಟ್ ಹತ್ತಿರ, ಇನ್ನೊಂದು ಸುಮಾರು 23ರ ಹತ್ತಿರ. ಬಂಧಗಳು ನಾಲ್ಕೂ ಸಮ, ಅದು ನಿಜ. ಆದರೆ ಒಂದೊಂದು ಬಂಧದಲ್ಲಿ ಒಂದೊಂದು ಜೋಡಿ ಕೂತಿದೆ ಎನ್ನುವ ಚಿತ್ರ ನಾವು ಲೆಕ್ಕದ ಅನುಕೂಲಕ್ಕೆ ಬರೆದುಕೊಂಡದ್ದು. ಇಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಸೇರಿದವು. ಆದ್ದರಿಂದ ನಿಮ್ಮ ಗೋವಿನಜೋಳದ ಹಾಗೆ ಮೊದಲು ಬೆರೆಸಿ ಆಮೇಲೆ ಬಿತ್ತುವುದು ಇಲ್ಲಿಲ್ಲ. ಬೆರಕೆ ನಡೆಯುವುದು ನಮ್ಮ ಕಾಗದದ ಮೇಲೆ.

ಹಾವೇರಿ ಪಿಯು ಹುಡುಗಿ:

ಮೇಡಂ, ಸರ್, ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಬಲೂನು ಮಾಡಿದೆವು, ಒಂದು ಒಡೆಯಿತು. ಆಗ ಉಳಿದ ಮೂರು ಚಪ್ಪಟೆ ತ್ರಿಕೋನವಾಗಿ ನಿಂತವು. ಬೋರಾನ್ ಟ್ರೈಫ್ಲೋರೈಡ್ ಅಣು ಹೀಗೇ ಇರುತ್ತದೆ ಅಂತ ತಂಗಿಗೆ ಹೇಳಿದೆ.

ಸ್ಕೇಲಿನಲ್ಲಿ ಅಳೆದೆ, 152 ಮತ್ತು 193 ಸರಿಯಾಗಿ ಬಂತು. ಆಮೇಲೆ ಕೊಸೈನ್ ಲೆಕ್ಕ ಫಾಸ್ಫೀನ್‌ಗೆ ಮಾಡಿದೆ. ಕೋನ 93.5. ಬಂಧವೊಂದಕ್ಕೆ 5.75 ಪಾಲು ಎಸ್ ಬಂತು. ಮೂರಕ್ಕೆ ಸುಮಾರು 17. ಅಂದರೆ ಲೋನ್ ಪೇರ್‌ನಲ್ಲಿ 83 ಪಾಲು ಎಸ್. ಅಮೋನಿಯದ ಲೋನ್ ಪೇರ್‌ಗೆ 32 ಮಾತ್ರ. ಅಮೋನಿಯಕ್ಕಿಂತ ಫಾಸ್ಫೀನ್ ಬಹಳ ದುರ್ಬಲ ಪ್ರತ್ಯಾಮ್ಲ ಅಂತ ಪುಸ್ತಕದಲ್ಲಿ ಒಂದು ಸಾಲು ಇದೆ, ಕಾರಣ ಕೊಟ್ಟಿಲ್ಲ. ಎಸ್ ಆರ್ಬಿಟಲ್ ದುಂಡಗೆ, ನ್ಯೂಕ್ಲಿಯಸ್‌ಗೆ ಹತ್ತಿರ. ಆ ಜೋಡಿ ಒಂದು ದಿಕ್ಕಿಗೆ ಚಾಚುವುದಿಲ್ಲ, ಪ್ರೋಟಾನ್‌ಗೆ ಕೊಡಲು ಮನಸ್ಸಿಲ್ಲ. ಇದೇ ಕಾರಣವಾ ಮೇಡಂ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಶಿರಸಿ:

ಹೌದು ಮಗು. ಮುಖ್ಯ ಕಾರಣ ಅದೇ. ಈಗ ಹೇಳು, ಫಾಸ್ಫೀನ್ ಹೇಗೋ ಒಂದು ಪ್ರೋಟಾನ್ ತೆಗೆದುಕೊಂಡು ಫಾಸ್ಫೋನಿಯಂ ಅಯಾನು ಆಯಿತು ಅಂದುಕೋ. ಅದರ ಕೋನ ಎಷ್ಟಿರಬೇಕು?

ಹಾವೇರಿ ಪಿಯು ಹುಡುಗಿ:

ಲೋನ್ ಪೇರ್ ಉಳಿಯಲಿಲ್ಲ. ನಾಲ್ಕೂ ಬಂಧ ಒಂದೇ ಥರ, ತಲಾ 25. ಹಾಗಾದರೆ 109.5.